ಜಿನೀವಾ ಪಕ್ಕದ ಮೇರಾಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕಣಭೌತ ವಿಜ್ಞಾನದ ಸಂಶೋಧನಾ ಕೇಂದ್ರವಾದ ಸರ್ನ್‌ನಲ್ಲಿ ಸಂಶೋಧನೆಗೆಂದೋ ಜಿನೀವಾದಲ್ಲಿ ಕೆಲಸಕ್ಕೆಂದೋ ಹೊರಟವರು ಮನೆ ಹುಡುಕಲು ಶುರುಮಾಡಿದ ಕೂಡಲೇ ಎದುರಾಗುವ ಹೆಸರು ಮೇರಾಂ. ಹೊಸಬರು ಇಲ್ಲಿ ಎಡವುವುದು ಬಹುಪಾಲು ಎರಡು ಕಾರಣಕ್ಕೆ. ಸ್ವಿಟ್ಜರ್‌ಲೆಂಡಿನ ಬೇರೆಡೆ ಊರಿನ ಪುರಸಭೆ ಮಾಡುವ ಎಷ್ಟೋ ಕೆಲಸಗಳನ್ನು ಇಲ್ಲಿ ಕ್ಯಾಂಟನ್, ಅಂದರೆ ಅಲ್ಲಿನ ರಾಜ್ಯ ಸರ್ಕಾರ, ತಾನೇ ಮಾಡುತ್ತದೆ. ಜೊತೆಗೆ ಊರಿನ ಅಂಚಿನಲ್ಲೇ ಫ್ರಾನ್ಸ್ ಗಡಿ ಇದೆ. ಕೆಳಗಿನ ಉತ್ತರಗಳನ್ನು ಓದುವಾಗ ‘ಇದು ಯಾರ ಕೆಲಸ, ಗಡಿಯ ಯಾವ ಬದಿಯದು’ ಎಂಬ ಪ್ರಶ್ನೆ ತಲೆಯಲ್ಲಿರಲಿ.

ಮೇರಾಂ ಜಿನೀವಾ ನಗರದ ಒಂದು ಬಡಾವಣೆಯೇ?

ಅಲ್ಲ. ಅದು ಪ್ರತ್ಯೇಕ ಪುರಸಭೆ. ಸ್ವಂತ ಸಭೆ, ಸ್ವಂತ ಬಜೆಟ್, ಸ್ವಂತ ತೆರಿಗೆ ದರ ಇದೆ. ಜಿನೀವಾ ನಗರ ಕೇಂದ್ರದಿಂದ ವಾಯವ್ಯಕ್ಕೆ ಸುಮಾರು 6 ಕಿಲೋಮೀಟರ್. ವಿಸ್ತೀರ್ಣ 10 ಚದರ ಕಿಲೋಮೀಟರಿಗೆ ಒಂದಿಷ್ಟು ಕಡಿಮೆ, ಜನಸಂಖ್ಯೆ 26,000ದ ಆಸುಪಾಸು. ಕ್ಯಾಂಟನ್ನಿನಲ್ಲಿ ಜಿನೀವಾ, ವೆರ್ನಿಯೆ, ಲಾನ್ಸಿಗಳ ನಂತರದ ಸ್ಥಾನ ಇದರದು.

ಊರೊಳಗೆ ಹಲವು ಊರುಗಳಿವೆ ಎನ್ನಬಹುದು: ಹಳೆಯ ಹಳ್ಳಿಯ ಭಾಗ, ಸಿತೆ ಎಂದು ಕರೆಯುವ 1960ರ ದಶಕದ ಎತ್ತರದ ಕಟ್ಟಡಗಳ ವಸತಿ ಪ್ರದೇಶ, ಶಾಂ-ಫ್ರೆಶೆ, ಹೊಸ ಬಡಾವಣೆ ಲೆ ವೆರ್ಜೆ, ಗಡಿಯ ಬಳಿಯ ಮಾತ್ಯಾಂ, ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಕ್ವಾಂತ್ರಾಂ. ಪಿನ್‌ಕೋಡ್‌ಗಳಲ್ಲಿ ಗೊಂದಲವಾಗುವುದುಂಟು. ಮೇರಾಂ 1217, ಕ್ವಾಂತ್ರಾಂ 1216, ಸರ್ನ್‌ನ ಅಂಚೆ ವಿಳಾಸ ಮಾತ್ರ 1211 ಜಿನೀವಾ 23. ಮನೆಗೆ ಬರಬೇಕಾದ ಪಾರ್ಸೆಲ್ಲಿಗೆ ಮೂರನೆಯದನ್ನು ಬರೆದರೆ ಅದು ಸರ್ನ್‌ನ ಅಂಚೆ ಕೋಣೆಗೆ ಹೋಗುತ್ತದೆ.

ಈ ಊರಿಗೆ ಸರ್ನ್ ಬಿಟ್ಟು ಬೇರೆ ಚರಿತ್ರೆ ಇದೆಯೇ?

ಇದೆ, ಅದನ್ನು ತಿಳಿದರೆ ಊರಿನ ಆಕಾರ ಅರ್ಥವಾಗುತ್ತದೆ. ಮೇರಾಂ ಮೊದಲು ಫ್ರಾನ್ಸಿನ ಜೆಕ್ಸ್ ಸೀಮೆಗೆ ಸೇರಿತ್ತು. ನೆಪೋಲಿಯನ್ ಸೋತ ಮೇಲೆ, 1815ರ ಪ್ಯಾರಿಸ್ ಒಪ್ಪಂದದ ಪ್ರಕಾರ ಆರು ಊರುಗಳು ಜಿನೀವಾಕ್ಕೆ ಬಂದವು: ವೆರ್ಸ್ವಾ, ಕೊಲೆ-ಬೊಸ್ಸಿ, ಪ್ರೆನಿ, ಗ್ರಾಂ-ಸಾಕೊನೆ, ವೆರ್ನಿಯೆ, ಮೇರಾಂ. ಜಿನೀವಾ ಸರೋವರದ ದಂಡೆಯುದ್ದಕ್ಕೂ ಜಿನೀವಾವನ್ನು ಉಳಿದ ಸ್ವಿಟ್ಜರ್‌ಲೆಂಡಿಗೆ ನೆಲದ ಮೂಲಕ ಜೋಡಿಸುವುದು ಅದರ ಉದ್ದೇಶ. ಗಡಿ ಊರಿನ ಅಂಚಿಗೇ ಬಂದು ನಿಂತಿರುವುದು ಹೀಗೆ.

ಆಮೇಲೆ ನೂರಕ್ಕೂ ಹೆಚ್ಚು ವರ್ಷ ಇದು ಹೊಲಗದ್ದೆಗಳ ಹಳ್ಳಿ. 1920ರಲ್ಲಿ ಕ್ವಾಂತ್ರಾಂನ ಬಯಲಲ್ಲಿ ವಿಮಾನ ನಿಲ್ದಾಣ ಬಂತು. 1953ರ ಜೂನ್‌ನಲ್ಲಿ ಸರ್ನ್ ಬರಬೇಕೋ ಬೇಡವೋ ಎಂದು ಕ್ಯಾಂಟನ್ನಿನ ಜನ ಮತ ಹಾಕಿದರು. ಬೇಕೆಂದವರು 16,539, ಬೇಡವೆಂದವರು 7,332. ಮರುವರ್ಷ ಮೇ ತಿಂಗಳಲ್ಲಿ ಅಗೆತ ಶುರುವಾಯಿತು. ನೌಕರರಿಗೆ ಮನೆ ಬೇಕಿತ್ತು, ಜಿನೀವಾದಲ್ಲಿ ಜಾಗವಿರಲಿಲ್ಲ. 1960ರ ದಶಕದಲ್ಲಿ ಹಳ್ಳಿಯ ಪಕ್ಕದಲ್ಲಿ ಸಾವಿರಾರು ಮನೆಗಳ ಸಿತೆ ಎದ್ದಿತು. ಸ್ವಿಟ್ಜರ್‌ಲೆಂಡಿನ ಮೊದಲ ಉಪಗ್ರಹ ನಗರ, ಅಂದರೆ ದೊಡ್ಡ ನಗರದ ಹೊರಗೆ ಯೋಜಿಸಿ ಕಟ್ಟಿದ ಊರು, ಇದು. ಕಟ್ಟಡಗಳು ಉದ್ದ, ಎತ್ತರ. ಆದರೆ ನಡುವೆ ಹುಲ್ಲು, ಮರ, ಕಾಲುದಾರಿ ಧಾರಾಳ. ನಕ್ಷೆ ನೋಡಿ ‘ಕಾಂಕ್ರೀಟ್ ಕಾಡು’ ಎಂದುಕೊಂಡವರು ಒಮ್ಮೆ ನಡೆದು ನೋಡಬೇಕು. ಈ ಪರಂಪರೆಯನ್ನು ಜತನದಿಂದ ಕಾಯ್ದು ಮುಂದುವರಿಸಿದ್ದಕ್ಕೆ ಸ್ವಿಟ್ಜರ್‌ಲೆಂಡಿನ ಊರುಗಳಿಗೆ ಕೊಡುವ ವಾಕರ್ ಪ್ರಶಸ್ತಿ 2022ರಲ್ಲಿ ಮೇರಾಂಗೆ ಸಂದಿತು. ಕೋಟೆ-ಚರ್ಚುಗಳಿರುವ ಅಂದದ ಊರುಗಳಿಗಷ್ಟೇ ಇಂಥ ಮನ್ನಣೆ ಸಲ್ಲಬೇಕೆಂಬ ಭಾವನೆಯನ್ನು ಅದು ಮುರಿಯಿತು.

ಮನೆಗೆ ಬಂದ ಮೇಲೆ ಹೆಸರು ನೋಂದಾಯಿಸುವುದು ಪುರಸಭೆಯಲ್ಲೇ?

ಇಲ್ಲಿಯೇ ಮೊದಲ ಎಡವಟ್ಟು. ಜೂರಿಕ್‌ನಲ್ಲೋ ಲೊಸಾನ್‌ನಲ್ಲೋ ಇರುವ ಗೆಳೆಯರು ‘ಊರಿನ ಕಚೇರಿಗೆ ಹೋಗಿ’ ಎನ್ನುತ್ತಾರೆ. ಅವರ ಕ್ಯಾಂಟನ್ನಿಗೆ ಅದು ಸರಿ. ಜಿನೀವಾದಲ್ಲಿ ಈ ಕೆಲಸ ಕ್ಯಾಂಟನ್ನಿನ ಜನಸಂಖ್ಯೆ ಮತ್ತು ವಲಸೆ ಕಚೇರಿಯದು. ಎಲ್ಲರೂ ಅದನ್ನು ಓಸಿಪಿಎಂ ಎನ್ನುತ್ತಾರೆ. ಬಂದ 14 ದಿನಗಳೊಳಗೆ, ಕೆಲಸಕ್ಕೆ ಸೇರುವ ಮೊದಲೇ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ, ಬಾಡಿಗೆ ಕರಾರು ಅಥವಾ ಮನೆ ಕೊಟ್ಟವರ ಪತ್ರ ಬೇಕು. ಆಮೇಲೆ ಬೆರಳಚ್ಚು ಮತ್ತು ಫೋಟೊಗೆ ಕರೆಯುತ್ತಾರೆ, ವಾಸದ ಪರ್ಮಿಟ್ ಕಾರ್ಡ್ ಅಂಚೆಯಲ್ಲಿ ಬರುತ್ತದೆ.

ಸಂಗಾತಿ, ಮಕ್ಕಳು ಜೊತೆಗಿದ್ದರೆ ಮದುವೆ ಮತ್ತು ಜನನ ಪ್ರಮಾಣಪತ್ರಗಳನ್ನು ಊರಲ್ಲೇ ಸಿದ್ಧಮಾಡಿಕೊಂಡು ಬನ್ನಿ. ರಾಜ್ಯ ಮಟ್ಟದ ದೃಢೀಕರಣ ಮುಗಿಸಿ, ಭಾರತದ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ವಿದೇಶಕ್ಕೆ ದೃಢೀಕರಿಸುವ ಮುದ್ರೆ, ಹಾಕಿಸಿ. ಕನ್ನಡದಲ್ಲಿ ಮಾತ್ರ ಇರುವ ಹಳೆಯ ಪ್ರಮಾಣಪತ್ರವಾದರೆ ಅನುವಾದವೂ ಬೇಕಾಗುತ್ತದೆ. ಇಲ್ಲಿಗೆ ಬಂದ ಮೇಲೆ ಇವನ್ನು ತರಿಸಿಕೊಳ್ಳಲು ತಿಂಗಳುಗಳು ಹಿಡಿಯಬಹುದು.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಹೇಗೆ ಬೇಕಾದರೂ ಸೇರಿಕೊಂಡಿರುತ್ತವೆ. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಏನಿದೆಯೋ ಅದೇ ಪರ್ಮಿಟ್, ಬಾಡಿಗೆ ಕರಾರು, ವಿಮೆ, ಬ್ಯಾಂಕ್ ಎಲ್ಲದರಲ್ಲೂ ಇರಲಿ. ಅಂಚೆ ಪೆಟ್ಟಿಗೆಯ ಮೇಲೂ ಅದೇ ಹೆಸರನ್ನು ಅಂಟಿಸಿ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ, ಪರ್ಮಿಟ್ ಕಾರ್ಡ್ ಕೂಡ.

ಸರ್ನ್ ನೌಕರರ ದಾರಿ ಬೇರೆ. ಅವರಿಗೆ ಪರ್ಮಿಟ್ ಬದಲು ಸ್ವಿಸ್ ವಿದೇಶಾಂಗ ಇಲಾಖೆಯ ಲೆಜಿಟಿಮೇಷನ್ ಕಾರ್ಡ್ ಬರುತ್ತದೆ, ಅದನ್ನು ಸರ್ನ್ ಮೂಲಕವೇ ಮಾಡಿಸಬೇಕು. ಅವರ ಸಂಗಾತಿ ಸ್ವಿಟ್ಜರ್‌ಲೆಂಡಿನಲ್ಲಿ ಕೆಲಸ ಮಾಡಬೇಕಾದರೆ ಸಿಐ ಎಂಬ ವಿಶೇಷ ಪರ್ಮಿಟ್ ಇದೆ.

ಹಾಗಾದರೆ ಪುರಸಭೆ ಏನು ಮಾಡುತ್ತದೆ?

ಬೂದೀನ್ ರಸ್ತೆಯ ಮೇರಿ, ಅಂದರೆ ಪುರಭವನ, ದಿನನಿತ್ಯದ ಬದುಕಿಗೆ ತೀರಾ ಹತ್ತಿರದ್ದು. ಶಿಶುವಿಹಾರದ ಸೀಟು, ಶಾಲಾ ಕಟ್ಟಡ, ಕಸ, ಉದ್ಯಾನ, ಕ್ರೀಡಾಂಗಣ, ಗ್ರಂಥಾಲಯ, ರಂಗಮಂದಿರ ಇವೆಲ್ಲ ಅದರ ಕೈಯಲ್ಲಿವೆ. 1995ರಲ್ಲಿ ತೆರೆದ ಫೋರಂ ಮೇರಾಂ ರಂಗಮಂದಿರಕ್ಕೆ ಜಿನೀವಾ ನಗರದಿಂದಲೂ ಪ್ರೇಕ್ಷಕರು ಬರುತ್ತಾರೆ. ಆಡಳಿತ ಮೂವರ ಮಂಡಳಿಯದು. ಮೇಯರ್ ಪದವಿ ಅವರ ನಡುವೆ ವರ್ಷಕ್ಕೊಮ್ಮೆ ಸುತ್ತುತ್ತದೆ. ಚುನಾವಣೆ 5 ವರ್ಷಕ್ಕೊಮ್ಮೆ.

ಸ್ವಿಟ್ಜರ್‌ಲೆಂಡಿನಲ್ಲಿ 8 ವರ್ಷ ಕಾನೂನುಬದ್ಧವಾಗಿ ನೆಲೆಸಿದ ವಿದೇಶಿಯರು ಜಿನೀವಾದ ಪುರಸಭೆ ಮಟ್ಟದಲ್ಲಿ ಮತ ಹಾಕಬಹುದು. 2005ರ ಜನಮತದಿಂದ ಬಂದ ಹಕ್ಕು ಇದು. ಚುನಾವಣೆಗೆ ನಿಲ್ಲುವ ಹಕ್ಕಿಲ್ಲ. ಅದನ್ನೂ ಸೇರಿಸಿ ಹಕ್ಕನ್ನು ವಿಸ್ತರಿಸುವ ಪ್ರಸ್ತಾವವನ್ನು 2024ರ ಜೂನ್‌ನಲ್ಲಿ ಮತದಾರರು ತಿರಸ್ಕರಿಸಿದರು. ಮತಪತ್ರ ಬಂದರೆ ದಯವಿಟ್ಟು ತುಂಬಿ ಕಳಿಸಿ. ಎಷ್ಟೋ ಮಂದಿ ಜಾಹೀರಾತೆಂದು ತಿಳಿದು ಕಾಗದದ ಕಸಕ್ಕೆ ಹಾಕುತ್ತಾರೆ.

ಬಾಡಿಗೆ ಮನೆ ಸಿಗುವುದು ಅಷ್ಟು ಕಷ್ಟವೇ? ಏನೇನು ಸಿದ್ಧವಿರಬೇಕು?

ಕಷ್ಟವೇ. ಇಡೀ ಕ್ಯಾಂಟನ್ನಿನಲ್ಲಿ ಖಾಲಿ ಮನೆಗಳು ಬಹಳ ಕಡಿಮೆ. ಮನೆ ಕೊಡುವವರು ಹೆಚ್ಚಾಗಿ ರೆಜಿಗಳು, ಅಂದರೆ ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ಏಜೆನ್ಸಿಗಳು. ಮನೆ ನೋಡಿದ ದಿನವೇ ಪೂರ್ತಿ ಕಡತ ಕೊಟ್ಟವರ ಅರ್ಜಿ ಮುಂದೆ ಹೋಗುತ್ತದೆ. ‘ನಾಳೆ ಕಳಿಸುತ್ತೇನೆ’ ಎಂದವರದು ಹಿಂದೆ ಬೀಳುತ್ತದೆ. ಕಡತದಲ್ಲಿರಬೇಕಾದ್ದು: ರೆಜಿಯ ಅರ್ಜಿ ನಮೂನೆ, ಪಾಸ್‌ಪೋರ್ಟ್ ಅಥವಾ ಪರ್ಮಿಟ್ ಪ್ರತಿ, ಕೊನೆಯ ಮೂರು ಸಂಬಳದ ಚೀಟಿ, ಮತ್ತು ಸಾಲ ವಸೂಲಿ ಕಚೇರಿಯಿಂದ ‘ಬಾಕಿ ಮೊಕದ್ದಮೆ ಇಲ್ಲ’ ಎಂಬ ಪ್ರಮಾಣಪತ್ರ. ಈಗಷ್ಟೇ ಬಂದವರ ಬಳಿ ಕೊನೆಯ ಎರಡು ಇರುವುದಿಲ್ಲ. ಅದಕ್ಕೆ ಬದಲು ಸಂಬಳ ಬರೆದಿರುವ ಕೆಲಸದ ಒಪ್ಪಂದ ಮತ್ತು ಉದ್ಯೋಗದಾತರ ಪತ್ರ ಕೊಡಿ. ಬಾಡಿಗೆ ಸಂಬಳದ ಮೂರನೇ ಒಂದು ಭಾಗ ಮೀರಿದರೆ ರೆಜಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಠೇವಣಿ ಹೆಚ್ಚೆಂದರೆ 3 ತಿಂಗಳ ಬಾಡಿಗೆ, ಕಾನೂನೇ ಆ ಮಿತಿ ಹಾಕಿದೆ. ಹಣ ಬಾಡಿಗೆದಾರರ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಇರಬೇಕು, ಮಾಲೀಕರ ಜೇಬಿನಲ್ಲಲ್ಲ. ಮನೆ ನೋಡುವ ಮುಂಚೆಯೇ ಯಾರಾದರೂ ಹಣ ಕಳಿಸಿ ಎಂದರೆ ಅದು ಮೋಸ. ‘ಮಾಲೀಕರು ವಿದೇಶದಲ್ಲಿದ್ದಾರೆ, ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ’ ಎಂಬುದು ಇದರ ಮಾಮೂಲು ವರಸೆ.

ಬೀಗದ ಕೈ ಪಡೆಯುವ ದಿನ ಮನೆಯ ಸ್ಥಿತಿಯ ಪಟ್ಟಿ ಮಾಡುತ್ತಾರೆ. ಗೋಡೆಯ ತೂತು, ನೆಲದ ಗೀರು, ಸೋರುವ ನಲ್ಲಿ ಎಲ್ಲವನ್ನೂ ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಂದು ಬರೆಸದಿದ್ದುದು ಬಿಡುವ ದಿನ ನಿಮ್ಮ ಖರ್ಚಿಗೆ ಬೀಳುತ್ತದೆ. ಬಾಡಿಗೆ ಅನ್ಯಾಯವೆನಿಸಿದರೆ ಮನೆ ಕೈ ಸೇರಿದ 30 ದಿನಗಳೊಳಗೆ ಬಾಡಿಗೆ ಸಂಧಾನ ಆಯೋಗದಲ್ಲಿ ಪ್ರಶ್ನಿಸಬಹುದು. ಬಾಡಿಗೆದಾರರ ಸಂಘವಾದ ಅಸ್ಲೋಕಾ ಸಲಹೆ ಕೊಡುತ್ತದೆ. ಈ ಹಕ್ಕು ಬಳಸಿದರೆಂದು ಮನೆ ಬಿಡಿಸುವಂತಿಲ್ಲ. ಭಯದಿಂದ ಸುಮ್ಮನಾಗುವವರು ಹೆಚ್ಚು, ಆದ್ದರಿಂದಲೇ ಒತ್ತಿ ಹೇಳುತ್ತಿದ್ದೇವೆ.

ಅವಧಿಗೆ ಮೊದಲೇ ಮನೆ ಬಿಡಬೇಕಾದರೆ ಒಂದು ದಾರಿ ಇದೆ: ಅದೇ ಕರಾರಿಗೆ ಒಪ್ಪುವ, ಬಾಡಿಗೆ ಕಟ್ಟುವ ಶಕ್ತಿಯಿರುವ ಬದಲಿ ಬಾಡಿಗೆದಾರರನ್ನು ನೀವೇ ಹುಡುಕಿ ರೆಜಿಗೆ ಬರಹದಲ್ಲಿ ಸೂಚಿಸಿ. ಅವರು ಯೋಗ್ಯರಾಗಿದ್ದರೆ ನಿಮ್ಮ ಹೊಣೆ ಅಲ್ಲಿಗೆ ಮುಗಿಯುತ್ತದೆ.

‘ಮೂರು ಕೋಣೆ’ ಎಂದು ಬರೆದಿದ್ದರು, ಒಂದೇ ಮಲಗುವ ಕೋಣೆ ಇದೆ. ಮೋಸವೇ?

ಅಲ್ಲ. ಜಿನೀವಾ ಕ್ಯಾಂಟನ್ನಿನಲ್ಲಿ ಅಡುಗೆಮನೆಯನ್ನೂ ಕೋಣೆಯೆಂದು ಎಣಿಸುತ್ತಾರೆ. ದೇಶದ ಬೇರೆಡೆ ಹಾಗಿಲ್ಲ. ಮೂರು ಎಂದರೆ ಅಡುಗೆಮನೆ, ಹಾಲ್, ಒಂದು ಮಲಗುವ ಕೋಣೆ. ಇಬ್ಬರು ಮಕ್ಕಳಿರುವ ಕುಟುಂಬ ನಾಲ್ಕು ಅಥವಾ ಐದು ಕೋಣೆ ಎಂದು ಹುಡುಕಬೇಕು. ಬಟ್ಟೆ ಒಗೆಯುವ ಯಂತ್ರ ಎಷ್ಟೋ ಕಟ್ಟಡಗಳಲ್ಲಿ ನೆಲಮಾಳಿಗೆಯಲ್ಲಿದ್ದು, ಎಲ್ಲರಿಗೂ ಸರದಿ ಇರುತ್ತದೆ. ನಿಮ್ಮ ದಿನ ಯಾವುದೆಂದು ಮೊದಲೇ ಕೇಳಿಕೊಳ್ಳಿ. ನೆರೆಹೊರೆಯವರ ಜೊತೆ ಮೊದಲ ಜಗಳ ಹುಟ್ಟುವುದು ಸಾಮಾನ್ಯವಾಗಿ ಅಲ್ಲೇ.

ಲೆ ವೆರ್ಜೆ ಬಡಾವಣೆಯ ಹೆಸರು ಕೇಳುತ್ತಲೇ ಇರುತ್ತೇವೆ. ಏನು ವಿಶೇಷ?

ಸುಮಾರು 1,350 ಮನೆಗಳ ಪರಿಸರಸ್ನೇಹಿ ಬಡಾವಣೆ. ಪಕ್ಕದ ಜಿಮೆಸಾ ಕೈಗಾರಿಕಾ ಪ್ರದೇಶದ ಅಂತರ್ಜಲವನ್ನು ಬಳಸಿಕೊಂಡು ಹೀಟ್ ಪಂಪ್‌ಗಳು ಮನೆಗಳನ್ನು ಬೆಚ್ಚಗಿಡುತ್ತವೆ. ಮಳೆನೀರು ಚರಂಡಿಗೆ ಹೋಗದೆ ವೆರ್ನ್ ಕೆರೆ ಸೇರುತ್ತದೆ. ಜೋರು ಮಳೆಯಲ್ಲಿ ಕೆಳಗಿನ ನಾಂ ದಾವ್ರಿಲ್ ಹಳ್ಳ ಉಕ್ಕದಂತೆ ತಡೆಯಲೆಂದು ಕಟ್ಟಿದ ಕೆರೆ ಅದು, ಈಗ ಹಕ್ಕಿಗಳ ತಾಣವೂ ಆಗಿದೆ. ಸದಸ್ಯರೇ ಕೈಜೋಡಿಸಿ ನಡೆಸುವ ಲಾ ಫೆವ್ ಎಂಬ ದಿನಸಿ ಅಂಗಡಿಯಲ್ಲಿ ಸುತ್ತಲ ರೈತರ ತರಕಾರಿ ಸಿಗುತ್ತದೆ. ಕಟ್ಟುವ ಹಂತದಲ್ಲೇ ನಿವಾಸಿಗಳನ್ನು ಕೂರಿಸಿಕೊಂಡು ಮಾತಾಡಿದ್ದು ಈ ಬಡಾವಣೆಯ ನಿಜವಾದ ಸಾಧನೆ. ಹೀಟ್ ಪಂಪ್ ಬೇರೆ ಊರುಗಳಲ್ಲೂ ಇದೆ.

ಆರೋಗ್ಯ ವಿಮೆ ಯಾವಾಗ ಮಾಡಿಸಬೇಕು?

ಬಂದ 3 ತಿಂಗಳೊಳಗೆ. ತಡಮಾಡಿ ಮಾಡಿಸಿದರೆ ಲಾಭವೇನೂ ಇಲ್ಲ, ಏಕೆಂದರೆ ಬಂದ ದಿನದಿಂದಲೇ ಲೆಕ್ಕ ಹಾಕಿ ಕಂತು ವಸೂಲಿ ಮಾಡುತ್ತಾರೆ. ಮಾಡಿಸದೇ ಇದ್ದರೆ ಕ್ಯಾಂಟನ್ನೇ ಒಂದು ಕಂಪನಿಗೆ ಸೇರಿಸಿಬಿಡುತ್ತದೆ. ಮೂಲ ವಿಮೆಯ ಸೌಲಭ್ಯ ಎಲ್ಲ ಕಂಪನಿಗಳಲ್ಲೂ ಒಂದೇ. ಬೆಲೆ ಮಾತ್ರ ಬೇರೆ. ಹೋಲಿಸಿ ಅಗ್ಗದ್ದನ್ನು ಆರಿಸಿ. ಜಿನೀವಾದ ಕಂತು ದೇಶದಲ್ಲೇ ದುಬಾರಿಯ ಸಾಲಿನಲ್ಲಿದೆ.

ವಯಸ್ಕರು ವರ್ಷಕ್ಕೆ 300ರಿಂದ 2,500 ಫ್ರಾಂಕ್‌ವರೆಗೆ ತಮ್ಮ ಕೈಯಿಂದ ಕೊಡುವ ಮೊತ್ತವನ್ನು ಆರಿಸಿಕೊಳ್ಳಬಹುದು. ಅದು ಮುಗಿದ ಮೇಲೆ ಬಿಲ್ಲಿನ ಶೇ. 10, ಗರಿಷ್ಠ 700 ಫ್ರಾಂಕ್. ಅಂದರೆ 300 ಆರಿಸಿದವರ ಗರಿಷ್ಠ ಖರ್ಚು 1,000, 2,500 ಆರಿಸಿದವರದು 3,200. ಆರೋಗ್ಯವಂತರಿಗೆ ಎರಡನೆಯದು, ದೀರ್ಘಕಾಲದ ಕಾಯಿಲೆ ಇದ್ದವರಿಗೆ ಮೊದಲನೆಯದು ಲೇಸು. ನಡುವಿನ ಮೊತ್ತಗಳು ಬಹುಪಾಲು ಯಾರಿಗೂ ಲಾಭವಲ್ಲ. ಹಲ್ಲಿನ ಚಿಕಿತ್ಸೆ ಇದರಲ್ಲಿ ಇಲ್ಲ, ಆಂಬುಲೆನ್ಸ್ ಖರ್ಚಿನ ಅರ್ಧ ಮಾತ್ರ ಇದೆ. ಕಂಪನಿ ಬದಲಿಸುವ ಪತ್ರ ನವೆಂಬರ್ 30ರೊಳಗೆ ಅವರ ಕೈ ಸೇರಿರಬೇಕು. ಅಂದು ಅಂಚೆಗೆ ಹಾಕಿದರೆ ಸಾಲದು.

ಲಾ ತೂರ್ ಆಸ್ಪತ್ರೆ ಮೇರಾಂನಲ್ಲೇ ಇದೆ, ತುರ್ತು ಚಿಕಿತ್ಸಾ ವಿಭಾಗವೂ ಉಂಟು. ಅದು ಖಾಸಗಿ. ದಾಖಲಾಗಿ ಮಾಡಿಸುವ ಚಿಕಿತ್ಸೆ ಮೂಲ ವಿಮೆಗೆ ಒಳಪಡುತ್ತದೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಆಂಬುಲೆನ್ಸ್ 144, ಪೊಲೀಸ್ 117, ಬೆಂಕಿ 118.

ಮಕ್ಕಳ ಶಾಲೆ?

ಜುಲೈ 31ಕ್ಕೆ 4 ವರ್ಷ ತುಂಬಿದ್ದರೆ ಆ ವರ್ಷವೇ ಶಾಲೆ ಕಡ್ಡಾಯ. ಸರ್ಕಾರಿ ಶಾಲೆ ಉಚಿತ, ಮತ್ತು ಗುಣಮಟ್ಟ ಚೆನ್ನಾಗಿದೆ. ‘ಸರ್ಕಾರಿ’ ಎಂದ ಕೂಡಲೇ ಹಿಂಜರಿಯಬೇಡಿ. ಯಾವ ಶಾಲೆ ಎಂಬುದು ಮನೆಯ ವಿಳಾಸದ ಮೇಲೆ ನಿರ್ಧಾರವಾಗುತ್ತದೆ. ಬುಧವಾರ ಚಿಕ್ಕ ತರಗತಿಗಳಿಗೆ ಪೂರ್ತಿ ರಜೆ, ಐದನೆಯದರಿಂದ ಎಂಟನೆಯವರೆಗೆ ಬೆಳಗ್ಗೆ ಮಾತ್ರ ಪಾಠ. ಇಬ್ಬರೂ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ ಊಟ ಮತ್ತು ಸಂಜೆಯ ವ್ಯವಸ್ಥೆಗೆ ಬೇರೆಯಾಗಿ ಹೆಸರು ಬರೆಸಬೇಕು. ಶಾಲೆಗೆ ಸೇರಿಸಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಫ್ರೆಂಚ್ ಬಾರದ ಮಕ್ಕಳಿಗೆ ಭಾಷೆ ಕಲಿಸುವ ಸ್ವಾಗತ ತರಗತಿಗಳಿವೆ. ಊಟದಲ್ಲಿ ಮಾಂಸ ಬೇಡವಾದರೆ ನೋಂದಣಿಯ ಹೊತ್ತಲ್ಲೇ ತಿಳಿಸಿ. ಎಂಟನೆಯ ನಂತರ 3 ವರ್ಷದ ಹಂತಕ್ಕೆ ಊರಲ್ಲೇ ಗೊಲೆತ್ ಶಾಲೆ ಇದೆ.

ನಗರಕ್ಕೆ ಹೋಗಿಬರುವುದು ಹೇಗೆ?

ಟ್ರಾಮ್ 14 ಮತ್ತು 18. ಎರಡೂ ಕೊರ್ನಾವಾಂ ರೈಲು ನಿಲ್ದಾಣದಿಂದ ಮೇರಾಂ ಕಡೆ ಬರುತ್ತವೆ. 14ರ ಕೊನೆ ಮೇರಾಂ-ಗ್ರಾವಿಯೆರ್, 18ರ ಕೊನೆ ಸರ್ನ್. ಸರ್ನ್‌ಗೆ ಹೋಗಬೇಕಾದವರು 14 ಹತ್ತಿ ಕೊನೆಯಲ್ಲಿ ಇಳಿದು ದಿಕ್ಕು ತಪ್ಪುವುದು ದಿನವೂ ನಡೆಯುತ್ತದೆ. ಮುಂದಿನ ಫಲಕ ನೋಡಿಯೇ ಹತ್ತಿ. ಕೊರ್ನಾವಾಂನಿಂದ ಸರ್ನ್‌ಗೆ ಸುಮಾರು 20 ನಿಮಿಷ. ಲೆಮಾಂ ಎಕ್ಸ್‌ಪ್ರೆಸ್ ರೈಲಿಗೂ ಮೇರಾಂ ನಿಲ್ದಾಣವಿದೆ, ಆದರೆ ಅದು ಕೈಗಾರಿಕಾ ಪ್ರದೇಶದ ಕಡೆ; ಸಿತೆಯಲ್ಲಿರುವವರಿಗೆ ಟ್ರಾಮೇ ಹತ್ತಿರ. ಇಡೀ ಕ್ಯಾಂಟನ್ನಿಗೆ ಒಂದೇ ವಲಯ, ಸಂಖ್ಯೆ 10. ಒಂದೇ ಟಿಕೆಟ್ ಟ್ರಾಮ್, ಬಸ್, ರೈಲು, ಸರೋವರದ ದೋಣಿಗೂ ನಡೆಯುತ್ತದೆ. ಗಡಿ ದಾಟಿ ಫ್ರಾನ್ಸಿಗೆ ಹೋಗುವ ಬಸ್ಸಿಗೆ ಮಾತ್ರ ಹೆಚ್ಚಿನ ವಲಯದ ಟಿಕೆಟ್ ಬೇಕು.

ಭಾರತದ ಲೈಸೆನ್ಸ್‌ನಲ್ಲಿ ಕಾರು ಓಡಿಸಬಹುದೇ?

12 ತಿಂಗಳು ಮಾತ್ರ. ಅಷ್ಟರೊಳಗೆ ಬದಲಿಸಿಕೊಳ್ಳಬೇಕು, ಮತ್ತು ಭಾರತದ ಲೈಸೆನ್ಸ್ ಇದ್ದವರು ಅಧಿಕಾರಿಯ ಮುಂದೆ ಓಡಿಸಿ ತೋರಿಸಬೇಕು. ಈ ಪರೀಕ್ಷೆಗೆ ಎರಡನೇ ಅವಕಾಶವಿಲ್ಲ. ಫೇಲಾದರೆ ಹೊಸ ಕಲಿಕಾರ್ಥಿಯಂತೆ ಮೊದಲಿನಿಂದ ಶುರು. ಆದ್ದರಿಂದ ಸ್ಥಳೀಯ ತರಬೇತುದಾರರ ಬಳಿ ಕೆಲವು ಪಾಠ ತೆಗೆದುಕೊಳ್ಳಿ. ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡುವ ನಿಯಮ, ವೃತ್ತಗಳಲ್ಲಿ ಇಂಡಿಕೇಟರ್, ಲೇನ್ ಬದಲಿಸುವಾಗ ಹೆಗಲ ಮೇಲಿಂದ ತಿರುಗಿ ನೋಡುವುದು: ನಮ್ಮವರು ಜಾರುವ ಜಾಗಗಳು ಇವು.

ಸರ್ನ್ ನೋಡಲು ಮೊದಲೇ ಬುಕ್ ಮಾಡಬೇಕೇ? ಸುರಂಗಕ್ಕೆ ಇಳಿಯಬಹುದೇ?

ಟ್ರಾಮ್ ಇಳಿದ ಕೂಡಲೇ ಎದುರಾಗುವ ಸಂದರ್ಶಕರ ಕೇಂದ್ರ ಸೈನ್ಸ್ ಗೇಟ್‌ವೇಗೆ ಪ್ರವೇಶ ಉಚಿತ. ವಾಸ್ತುಶಿಲ್ಪಿ ರೆಂಜೊ ಪಿಯಾನೊ ವಿನ್ಯಾಸದ ಈ ಕಟ್ಟಡ 2023ರ ಅಕ್ಟೋಬರ್‌ನಲ್ಲಿ ತೆರೆಯಿತು. ಸೋಮವಾರ ರಜೆ. ಮಾರ್ಗದರ್ಶಿಯ ಜೊತೆಗಿನ ಸುತ್ತಾಟಕ್ಕೆ ಬಿಡಿ ಸಂದರ್ಶಕರು ಅದೇ ದಿನ ಸ್ವಾಗತ ಕಟ್ಟೆಯಲ್ಲಿ ಹೆಸರು ಬರೆಸಬೇಕು, ಜಾಗ ಬೇಗ ತುಂಬುತ್ತದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ದೊಡ್ಡ ಗುಂಪುಗಳು ಬಹಳ ಮುಂಚೆಯೇ ಬರೆದು ಕೇಳಬೇಕು.

27 ಕಿಲೋಮೀಟರ್ ಸುತ್ತಳತೆಯ ದೊಡ್ಡ ಕಣ ವೇಗವರ್ಧಕ ಓಡುತ್ತಿರುವಾಗ ಸುರಂಗಕ್ಕೆ ಯಾರನ್ನೂ ಬಿಡುವುದಿಲ್ಲ. ಅದರ ಕಣಗಳ ಡಿಕ್ಕಿಗಳನ್ನು ದಾಖಲಿಸುವ ಅಟ್ಲಾಸ್ ಪ್ರಯೋಗ ಇರುವುದು ಮೇರಾಂನ ನೆಲದಡಿಯಲ್ಲೇ, ಸುಮಾರು 100 ಮೀಟರ್ ಆಳದಲ್ಲಿ. ಸೈನ್ಸ್ ಗೇಟ್‌ವೇ ಪಕ್ಕದಲ್ಲಿ ಕಾಣುವ ಮರದ ಗೋಳ 27 ಮೀಟರ್ ಎತ್ತರದ್ದು. ಭಾರತ 2004ರಲ್ಲಿ ಕೊಟ್ಟ 2 ಮೀಟರ್ ಎತ್ತರದ ನಟರಾಜ ವಿಗ್ರಹವನ್ನು ಕೇಳಿಕೊಂಡು ಬರುವವರು ಬಹಳ. ಅದು ಬೇಲಿಯೊಳಗೆ, 39 ಮತ್ತು 40ನೇ ಕಟ್ಟಡಗಳ ನಡುವೆ ಇದೆ. ಒಳಗಿನ ಬ್ಯಾಡ್ಜ್ ಇದ್ದವರ ಜೊತೆ ಹೋಗದೆ ಕಾಣುವುದಿಲ್ಲ.

ಭಾರತ 2017ರಿಂದ ಸರ್ನ್‌ನ ಸಹಸದಸ್ಯ ರಾಷ್ಟ್ರ. ಸುರಂಗದ ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳನ್ನು ಹೊತ್ತು ನಿಂತಿರುವ ನಿಖರ ಜಾಕ್‌ಗಳು ಭಾರತದಿಂದ ಬಂದವು, ಅವುಗಳಲ್ಲಿ ಒಂದು ಪಾಲು ತಯಾರಾದದ್ದು ಬೆಂಗಳೂರಿನಲ್ಲಿ.

ಫ್ರಾನ್ಸಿಗೆ ಹೋಗಿ ಸಾಮಾನು ತರುವುದು ಲಾಭವೇ? ನಿಯಮ ಏನು?

ಗಡಿಯಾಚೆಯ ಸೇಂ-ಜೆನಿ ಮತ್ತು ತ್ವಾರಿಯ ಅಂಗಡಿಗಳಲ್ಲಿ ದಿನಸಿ ಅಗ್ಗ ಹೌದು. ಎರಡೂ ಷೆಂಗೆನ್ ದೇಶಗಳಾದ್ದರಿಂದ ಗಡಿಯಲ್ಲಿ ಬೇರೆ ವೀಸಾ ಬೇಕಿಲ್ಲ, ಆದರೆ ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಜೊತೆಗಿರಲಿ. ಸುಂಕದ ಗಡಿ ಮಾತ್ರ ಹಾಗೇ ಇದೆ. 2025ರ ಜನವರಿಯಿಂದ ಒಬ್ಬರಿಗೆ ದಿನಕ್ಕೆ 150 ಫ್ರಾಂಕ್ ಬೆಲೆಯವರೆಗೆ ಮಾತ್ರ ತೆರಿಗೆ ವಿನಾಯಿತಿ; ಮೊದಲು 300 ಇತ್ತು. ಬೆಲೆ ಎಷ್ಟೇ ಇರಲಿ, ತೂಕದ ಮಿತಿ ಬೇರೆಯಾಗಿಯೇ ಉಂಟು: ಮಾಂಸ ಒಬ್ಬರಿಗೆ 1 ಕೆಜಿ, ಬೆಣ್ಣೆ ಮತ್ತು ಕೆನೆ ಸೇರಿ 1 ಕೆಜಿ, ಎಣ್ಣೆ 5 ಲೀಟರ್. ತುಪ್ಪ ಕಾಯಿಸಲು ನಾಲ್ಕೈದು ಕೆಜಿ ಬೆಣ್ಣೆ ತಂದು ಸಿಕ್ಕಿಬಿದ್ದರೆ ಸುಂಕ, ಮೇಲೆ ದಂಡ.

ಗಡಿಯ ಬಳಿ ಮೊಬೈಲ್ ಸದ್ದಿಲ್ಲದೆ ಎದುರಿನ ದೇಶದ ಜಾಲ ಹಿಡಿಯುತ್ತದೆ. ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್‌ಗೆ ಸ್ವಿಟ್ಜರ್‌ಲೆಂಡ್ ಸೇರಿಲ್ಲ. ಫ್ರೆಂಚ್ ಸಿಮ್ ಇಟ್ಟುಕೊಂಡು ಮೇರಾಂನಲ್ಲಿ ಇರುವವರಿಗೆ ದೊಡ್ಡ ಬಿಲ್ ಬರುವುದು ಹೀಗೆ. ಜಾಲವನ್ನು ಕೈಯಾರೆ ಆರಿಸಿ, ಡೇಟಾ ರೋಮಿಂಗ್ ಮುಚ್ಚಿಡಿ. ಪ್ಲಗ್ಗುಗಳೂ ಬೇರೆ: ತೆಳು ಕಡ್ಡಿಯ ಎರಡು ಪಿನ್ ಎರಡೂ ಕಡೆ ಹೊಂದುತ್ತದೆ, ನಮ್ಮ ದಪ್ಪ ಮೂರು ಪಿನ್ ಎಲ್ಲೂ ಹೊಂದದು. ಕುಕ್ಕರ್, ಮಿಕ್ಸಿ ತರುವವರು ಅಡಾಪ್ಟರ್ ತನ್ನಿ. ವೋಲ್ಟೇಜ್ 230 ಆದ್ದರಿಂದ ಪರಿವರ್ತಕ ಬೇಡ.

ಜಿನೀವಾ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಬುಕ್ ಮಾಡಿದೆ, ಆದರೆ ಕೌಂಟರ್ ಸಿಗುತ್ತಿಲ್ಲ. ಏಕೆ?

ಪ್ರಾಯಶಃ ಬುಕ್ ಮಾಡಿದ್ದು ಫ್ರೆಂಚ್ ವಿಭಾಗದಲ್ಲಿ. ನಿಲ್ದಾಣದೊಳಗೆ ಫ್ರಾನ್ಸಿಗೆ ಸೇರಿದಂತೆ ವ್ಯವಹರಿಸುವ ಒಂದು ಭಾಗವಿದೆ, ಫ್ರಾನ್ಸಿನ ಫೆರ್ನೆ ಕಡೆಯಿಂದ ಬೇಲಿ ಹಾಕಿದ ಪ್ರತ್ಯೇಕ ರಸ್ತೆ ಅದಕ್ಕೆ ಬರುತ್ತದೆ. ಅಲ್ಲಿನ ಕಾರು ಅಗ್ಗ; ಆದರೆ ವಾಪಸ್ ಕೊಡುವಾಗ ಫ್ರಾನ್ಸ್ ಕಡೆಯಿಂದಲೇ ಸುತ್ತಿ ಬರಬೇಕು. ಸ್ವಿಸ್ ಕಡೆಯಿಂದ ಬಂದು ವಿಮಾನ ತಪ್ಪಿಸಿಕೊಂಡವರಿದ್ದಾರೆ. ಅಂಥ ಕಾರಿನಲ್ಲಿ ಸ್ವಿಸ್ ಹೆದ್ದಾರಿಯ 40 ಫ್ರಾಂಕ್ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಚೀಟಿ, ಸಾಮಾನ್ಯವಾಗಿ ಇರುವುದಿಲ್ಲ. ಈಗ ಅದನ್ನು ನಂಬರ್ ಪ್ಲೇಟ್ ಹೆಸರಿನಲ್ಲಿ ಆನ್‌ಲೈನ್‌ನಲ್ಲೇ ಕೊಳ್ಳಬಹುದು. ಹೆದ್ದಾರಿ ಹತ್ತುವ ಮೊದಲೇ ಕೊಳ್ಳಿ.

ಕಸಕ್ಕೆ ಹಣ ಕೊಟ್ಟು ಚೀಲ ಕೊಳ್ಳಬೇಕೇ?

ಬೇಡ. ಚೀಲಕ್ಕೆ ತೆರಿಗೆ ಇಲ್ಲದ ಕ್ಯಾಂಟನ್ ಇದು. ಅಡುಗೆಮನೆಯ ಹಸಿಕಸಕ್ಕೆ ಪುಟ್ಟ ಹಸಿರು ಡಬ್ಬಿ ಮೇರಿಯಲ್ಲಿ ಕೇಳಿ. ಕಾಗದ, ಗಾಜು, ಡಬ್ಬಿಗಳಿಗೆ ರಸ್ತೆಬದಿಯ ತೊಟ್ಟಿಗಳಿವೆ. ಗಾಜನ್ನು ರಾತ್ರಿ, ಭಾನುವಾರ ಹಾಕಬಾರದು. ಹಳೆಯ ಮಂಚ, ಫ್ರಿಜ್‌ಗಳನ್ನು ಬೆಲ್‌ವ್ಯೂನ ಶಾನಾ ಅಥವಾ ಬೆರ್ನೆಯ ಶಾತಿಯೋಂ ಕೇಂದ್ರಕ್ಕೆ ಒಯ್ದರೆ ನಿವಾಸಿಗಳಿಂದ ಉಚಿತವಾಗಿ ತೆಗೆದುಕೊಳ್ಳುತ್ತಾರೆ.

ಇಲ್ಲಿ ಮಗು ಹುಟ್ಟಿದರೆ ಸ್ವಿಸ್ ಪೌರತ್ವ ಸಿಗುತ್ತದೆಯೇ?

ಹುಟ್ಟಿದ ಮಾತ್ರಕ್ಕೆ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಜನನದ ವರದಿ ಕಳಿಸುತ್ತಾರೆ, ನೀವು ಮದುವೆ ಪ್ರಮಾಣಪತ್ರ ಕೊಡಬೇಕು. ಅಪೊಸ್ಟಿಲ್ ಇಲ್ಲದ ಪತ್ರದಿಂದ ಕೆಲಸ ನಿಲ್ಲುವುದು ಇಲ್ಲೂ ಹಾಗೆಯೇ. ತಂದೆತಾಯಿ ಭಾರತೀಯರಾದರೆ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಿ. ಜಿನೀವಾದಲ್ಲೇ ಕಾನ್ಸುಲೇಟ್ ಇದೆ, ಬರ್ನ್‌ವರೆಗೆ ಹೋಗಬೇಕಿಲ್ಲ. ಭಾರತದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅದರ ಪ್ರತಿಯನ್ನು ಓಸಿಪಿಎಂಗೆ ಕಳಿಸಿದರೆ ಮಗುವಿನ ಪರ್ಮಿಟ್ ಕೆಲಸ ಮುಂದುವರಿಯುತ್ತದೆ. ಆರೋಗ್ಯ ವಿಮೆಯನ್ನು ಹೆರಿಗೆಗೆ ಮುಂಚೆಯೇ ಮಗುವಿನ ಹೆಸರಿಗೆ ಕೇಳಿಟ್ಟುಕೊಳ್ಳಬಹುದು. ಪೂರಕ ವಿಮೆ ಬೇಕೆನ್ನುವವರು ಆಗಲೇ ಕೇಳುವುದು ಒಳ್ಳೆಯದು, ಏಕೆಂದರೆ ಹುಟ್ಟಿದ ಮೇಲಾದರೆ ಕಂಪನಿ ಮಗುವಿನ ಆರೋಗ್ಯದ ವಿವರ ಕೇಳಿ ನಿರಾಕರಿಸಲೂಬಹುದು.